ಹತ್ತು ಸೆಂಟು ಕಡಿಮೆ

ಅಂಗೈಯಲ್ಲಿ ಆಕಾಶ ತೋರಿಸಿದವರನ್ನು
ಈ ಸ್ಟಿಯರಿಂಗಿನ ಹಿಂದೆ ಕೂತೇ ಆರು ಚುನಾವಣೆ ನೋಡಿದ್ದೇನೆ.
ಡಾರ್ಕಾ ಹ್ರಿಶ್ಚುಕ್ ಹತ್ತಿದಾಗ
ಅವಳ ಅಂಗೈಯಲ್ಲಿದ್ದದ್ದು ಬರೀ ಚಿಲ್ಲರೆ,
ಅದೂ ಹತ್ತು ಸೆಂಟು ಕಡಿಮೆ.
ಮೇಯರ್ ಆಗಹೊರಟವಳಿಗೆ
ದರ ಏರಿದ್ದು ಗೊತ್ತಿರಲಿಲ್ಲ.
ಹಿಂದೆ ಕ್ಯಾಮೆರಾ ಹಿಡಿದ ಹುಡುಗ ಜೇಬು ತಡಕಿದ.
ಹೋಗಲಿ ಬಿಡಿ, ಒಳಗೆ ಬನ್ನಿ, ಬಾಗಿಲು ತೆರೆದಷ್ಟು ಹೊತ್ತೂ
ವಿನಿಪೆಗ್ಗಿನ ಅಕ್ಟೋಬರು ಪುಕ್ಕಟೆ ಹತ್ತಿಕೊಳ್ಳುತ್ತದೆ, ಅಂದೆ.

ಕಂಬಿ ಹಿಡಿದು ನಿಂತೇ ಮಾತಾಡಿದಳು.
ಹತ್ತು ನಿಮಿಷಕ್ಕೊಂದು ಬಸ್ಸು, ನಡುರಾತ್ರಿಯವರೆಗೂ.
ಶಾಲೆಯ ಮಕ್ಕಳಿಗೆ ಟಿಕೆಟ್ಟಿಲ್ಲ.
ನದಿ ದಾಟುವ ವಿದ್ಯುತ್ ರೈಲು, ನಕ್ಷೆಯಲ್ಲಿ ಹಸಿರು ಗೆರೆ,
ಹದಿನೈದು ವರ್ಷದಲ್ಲಿ.
ಹದಿನೈದು ಎಂದಾಗ
ಮುದುಕ ಹೊರೇಸ್ ಫ್ಲೆಟ್ ತನ್ನ ಊರುಗೋಲು ನೋಡಿಕೊಂಡ.
ನಕ್ಷೆ ಕೈಯಿಂದ ಕೈಗೆ ಒಂದು ಸುತ್ತು ಹೋಗಿ
ಮಡಿಕೆಯಲ್ಲಿ ಹರಿದು ವಾಪಸ್ಸು ಬಂತು.

ಕೊನೆಯ ಸೀಟಿನಿಂದ ಮಾರಿವಿಕ್,
ರಾತ್ರಿಪಾಳಿಗೆ ಹೊರಟವಳು,
ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವವಳು,
ಬ್ಯಾಗಿನ ಮೇಲೆ ಗದ್ದ ಊರಿ ಕೇಳಿದಳು:
"ರೈಲು ಬರಲಿ ಮೇಡಂ.
ನಮ್ಮ ಸ್ಟಾಪಿನ ಬೆಂಚು ಕಿತ್ತರಲ್ಲ,
ಯಾರೋ ಬಂದು ಮಲಗುತ್ತಾರೆಂದು,
ಅದು ಈಗ ಎಲ್ಲಿದೆ?"

ಡಾರ್ಕಾ ಬಾಯಿ ತೆರೆದಳು.
ಹುಡುಗ ಕ್ಯಾಮೆರಾ ಸ್ವಲ್ಪ ಎತ್ತಿದ.
ಗೊತ್ತಿಲ್ಲ, ಅಂದಳು.
ಕನ್ನಡಿಯಲ್ಲಿ ಮುಖ ನೋಡಿದೆ.
ಇದೂ ಒಂದು ಪಟ್ಟೋ ಏನೋ, ಯಾರಿಗೆ ಗೊತ್ತು,
ಆದರೆ ಹೊಸ ಪಟ್ಟು.

ಇಳಿಯುವಾಗ ಹಗ್ಗ ಎಳೆದಳು. ಗಂಟೆಯ ಸದ್ದಿಲ್ಲ.
ಮತ್ತೆ ಎಳೆದಳು.
ಜೂನ್ ತಿಂಗಳಿಂದ ಕೆಟ್ಟಿದೆ ಅದು,
ನಾಲ್ಕು ಅರ್ಜಿ ಬರೆದಿದ್ದೇನೆ.
"ಕೂಗಬೇಕಮ್ಮಾ," ಎಂದ ಹೊರೇಸ್,
"ನಾವೆಲ್ಲ ಹಾಗೇ ಇಳಿಯೋದು."
ಮೈಕಿಗೆ ಪಳಗಿದ ಗಂಟಲು,
ಮೊದಲ ಕೂಗು ಅರ್ಧ ಬಸ್ಸನ್ನೂ ದಾಟಲಿಲ್ಲ.
ಎರಡನೆಯದು ನನಗೆ ಕೇಳಿಸಿತು.
ಅಷ್ಟರಲ್ಲಿ ಅವಳ ಸ್ಟಾಪು ಹಿಂದಕ್ಕೆ ಹೋಗಿತ್ತು.

ಮುಂದಿನದರಲ್ಲೂ ಬೆಂಚಿಲ್ಲ.
ಕಿತ್ತ ಜಾಗದಲ್ಲಿ ನಾಲ್ಕು ಬೋಲ್ಟು
ಹೊಸ ಹಿಮದಿಂದ ತಲೆಯೆತ್ತಿದ್ದವು,
ಒಂದನ್ನು ಎಡವಿದಳು,
ಬಗ್ಗಿ ಅದೇನೆಂದು ನೋಡಿದಳು.
ಅಷ್ಟು ಕಂಡಿತು, ಬಾಗಿಲು ಹಾಕಿದೆ.

ಓಟು ಯಾರಿಗೆಂದು ಹೇಳುವುದಿಲ್ಲ.
ಆ ಹತ್ತು ಸೆಂಟು ನನ್ನ ಜೇಬಿನಿಂದಲೇ ಹಾಕಿದೆ.
ಅರ್ಜಿಯ ನಕಲುಗಳಿರುವ ಪುಸ್ತಕದಲ್ಲಿ,
ಕೊನೆಯ ಹಾಳೆಯ ಮೇಲೆ
ಸಾಲ ಎಂದೇ ಬರೆದುಕೊಂಡಿದ್ದೇನೆ.