ಇಪ್ಪತ್ತಮೂರನೆಯ ವಾರ

ಕೊಟ್ಟಾರ ಚೌಕಿ. ಇದಿನಬ್ಬರ ಟಯರ್ ಅಂಗಡಿ.
ಜ್ಯಾಕಿನ ಮೇಲೆ ಒಂದು ಕಾಲೆತ್ತಿ ನಿಂತಿದೆ ನನ್ನ ಹಳದಿ ಕಾರು,
ಲಾಳ ಬಡಿಸಿಕೊಳ್ಳುವ ಕುದುರೆಯ ಹಾಗೆ.
ಸೆಕೆಂಡ್ ಹ್ಯಾಂಡ್, ಆದರೂ ಟರ್ಬೊ.
ಏಳು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದಿದ್ದ ಮಾರಿದವನು.
ನಿಲ್ಲಲು ಎಷ್ಟು ಹೊತ್ತು
ಎಂದು ನಾನು ಕೇಳಿರಲಿಲ್ಲ.

ಗೆರೆ ಇನ್ನೂ ಆಳ ಉಂಟಲ್ಲ ಇದಿನಬ್ಬರೇ?
ಒಂದು ರೂಪಾಯಿ ನಾಣ್ಯ ಗೆರೆಯೊಳಗೆ ನಿಲ್ಲಿಸಿ ತೋರಿಸಿದೆ.
ಅವರು ನಾಣ್ಯದತ್ತ ನೋಡಲಿಲ್ಲ.
ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿದರು.
ಉಗುರು ಬಾಗಿತು.

ಆಮೇಲೆ ಮಂಡಿಯೂರಿ, ಮೊಬೈಲಿನ ಟಾರ್ಚು ಹಚ್ಚಿ,
ಪಕ್ಕೆಯ ಕೆಸರು ಒರೆಸಿ ಓದಿದರು:
ಎರಡು, ಮೂರು, ಒಂದು, ಏಳು.
"ಹದಿನೇಳನೇ ಇಸವಿ, ಇಪ್ಪತ್ತಮೂರನೇ ವಾರ.
ಬಾಯಮ್ಮ, ಇದು ಹುಟ್ಟಿದ್ದೇ ಮಳೆ ಹಿಡಿಯುವ ವಾರ.
ಓಡಿದ್ದು ಕಡಿಮೆ, ಒಣಗಿದ್ದು ಜಾಸ್ತಿ.
ನಾಲ್ಕು ದಿನದ ಪುಂಡಿಯೂ ನೋಡಲಿಕ್ಕೆ ಪುಂಡಿಯೇ.
ಹಲ್ಲು ಹಾಕಿ ನೋಡಿ."

ಹಂಪನಕಟ್ಟೆಯಲ್ಲಿ ನನ್ನದು ಔಷಧಿ ಅಂಗಡಿ.
ದಿನಕ್ಕೆ ಇನ್ನೂರು ಸ್ಟ್ರಿಪ್ಪಿನ ಬೆನ್ನು ತಿರುಗಿಸಿ ತಾರೀಕು ನೋಡುವವಳು.
ಅವಧಿ ಮೀರಿದ ಕೆಮ್ಮಿನ ಸಿರಪ್ಪು ಕುಡಿದ
ಮುದುಕರೊಬ್ಬರನ್ನು ಜನರೆದುರೇ ಗದರಿಸಿದ್ದೇನೆ.
ನನ್ನನ್ನು ಹೊತ್ತು ಓಡುವ ಈ ನಾಲ್ಕರ ಪಕ್ಕೆ
ಒಮ್ಮೆಯೂ ಒರೆಸಿರಲಿಲ್ಲ.

ಹೇಳಲೋ ಬೇಡವೋ. ಹೇಳಿಬಿಟ್ಟೆ.
ಮೊನ್ನೆ ಮುಕ್ಕದ ಹತ್ತಿರ ಹೆದ್ದಾರಿಯಲ್ಲಿ ನೀರು ನಿಂತಿತ್ತು,
ಬೆಡ್‌ಶೀಟಿನಷ್ಟು ಅಗಲ, ಬೆರಳಿನಷ್ಟು ಆಳ.
ತೊಂಬತ್ತರಲ್ಲಿದ್ದೆ.
ಸ್ಟೇರಿಂಗು ಹಗುರಾಯಿತು,
ಜೋಕಾಲಿ ತೂಗುತ್ತಿದ್ದವರು ಹೇಳದೆ ಎದ್ದು ಹೋದ ಹಾಗೆ.
ತಿರುಗಿಸಿದರೆ ತಿರುಗುತ್ತದೆ, ಕಾರು ಮಾತ್ರ ಕೇಳುವುದಿಲ್ಲ.
ಎಡಗಡೆ ಒಬ್ಬ, ಸೈಕಲ್ಲಿಗೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು,
ರೈನ್‌ಕೋಟಿನ ಟೊಪ್ಪಿಯೊಳಗೆ.
ಮತ್ತೆ ನೆಲ ಸಿಕ್ಕಿತು.
ಅವನು ತಿರುಗಿಯೂ ನೋಡಲಿಲ್ಲ.
ಅವನಿಗೆ ಈಗಲೂ ಗೊತ್ತಿಲ್ಲ.

ಇದಿನಬ್ಬರು ಏನೂ ಅನ್ನಲಿಲ್ಲ.
ಗ್ರೀಸು ಮೆತ್ತಿದ ಅಂಗೈಯನ್ನು ಸಿಮೆಂಟು ನೆಲಕ್ಕೆ ಒತ್ತಿ ಎತ್ತಿದರು.
ಕಪ್ಪು ಅಚ್ಚು.
"ಒಂದು ಚಕ್ರಕ್ಕೆ ನೆಲ ಸಿಗುವುದು ಇಷ್ಟೇ ಜಾಗ.
ಇಂಥದ್ದು ನಾಲ್ಕು. ಬಾಕಿ ಕಾರೆಲ್ಲ ಬರೀ ಶೋಕಿ."

ಅಗ್ಗದ್ದು ಕೇಳಿದೆ. ಕೊನೆಯ ಅಕ್ಷರ ತೋರಿಸಿದರು:
ನಿಮ್ಮದರಲ್ಲಿ ಡಬ್ಲ್ಯೂ, ಇದರಲ್ಲಿ ಟಿ.
ನಾನೆಲ್ಲಿ ಅಷ್ಟು ವೇಗ ಹೋಗುವುದು?
"ನೀವು ಹೋಗುವುದು ಬೇಡ. ಅದು ಬಿಸಿ ತಡೆಯಬೇಕಲ್ಲ."
ಎರಡೇ ಬದಲಿಸಿದರೆ? ಎಳೆಯುವುದು ಮುಂದಿನದ್ದು ತಾನೇ, ಮುಂದಕ್ಕೆ?
"ಎರಡೇ ಆದರೆ ಹೊಸತು ಹಿಂದಕ್ಕೆ.
ಮುಂದು ಜಾರಿದರೆ ನಿಮಗೆ ಗೊತ್ತಾಗ್ತದೆ,
ಹಿಂದು ಜಾರಿದರೆ ಊರಿಗೇ ಗೊತ್ತಾಗ್ತದೆ.
ಆದರೆ ನಿಮ್ಮದು ನಾಲ್ಕೂ ಒಂದೇ ವಾರದ ಮಕ್ಕಳು ಮಾರಾಯ್ರೆ."

ಡಿಕ್ಕಿಯ ಮೇಲೆ ಕೂರಿಸಲು ಕೂಡಿಟ್ಟಿದ್ದ ರೆಕ್ಕೆಯ ದುಡ್ಡು
ಎಣಿಸಿ ಕೊಟ್ಟೆ. ಸಾಲಲಿಲ್ಲ.
ಉಳಿದದ್ದು ಮುಂದಿನ ತಿಂಗಳು ಎಂದರು.
ಹೊಸ ನಾಲ್ಕರ ತಾರೀಕು ನಾನೇ ಓದಿದೆ, ಎರಡೆರಡು ಸಲ.
ನೂರು ಕಿಲೋಮೀಟರು ಮೆಲ್ಲಗೆ ಹೋಗಿ,
ಹೊಸ ಚಪ್ಪಲಿ ಹಾಗೆ, ಎಂದು ಕೂಗಿದರು ಹಿಂದಿನಿಂದ.

ಹಳೆಯವು ಎಲ್ಲಿಗೆ ಎಂದು ಕೇಳಿದ್ದೆ.
"ಧಕ್ಕೆಗೆ. ಬೋಟಿನವರಿಗೆ."

ಆಗಸ್ಟಿನ ಒಂದು ಭಾನುವಾರ, ಬಂದರಿನ ಧಕ್ಕೆ.
ಬೋಟುಗಳ ಪಕ್ಕೆಯಲ್ಲಿ ಹಗ್ಗ ಕಟ್ಟಿ ನೇತು ಹಾಕಿದ ಟಯರುಗಳು,
ಅಲೆ ಬಂದಾಗಲೆಲ್ಲ ಕಲ್ಲಿಗೂ ಹಲಗೆಗೂ ನಡುವೆ
ಕಿರ್ರೆಂದು ಒತ್ತಿಸಿಕೊಳ್ಳುತ್ತ.
ಬಗ್ಗಿ ಒಂದೊಂದರದ್ದೂ ಓದುತ್ತ ಹೋದೆ.
ಹೆಚ್ಚಿನವನ್ನು ಉಪ್ಪು ತಿಂದಿದೆ.
ಒಂದರಲ್ಲಿ ಎರಡು, ಮೂರು; ಮುಂದೆ ಪಾಚಿ.

"ಎಂತ ಓದುದು ಬಾಯಮ್ಮ, ಬೋಟಿನ ಜಾತಕವಾ?"
ಬುಟ್ಟಿಯ ಹಿಂದಿನಿಂದ ಗುಲಾಬಿ ನಕ್ಕಳು.
ನಾನು ಕೈ ಒರೆಸಿಕೊಂಡು, ಅವಳೆದುರು ಕುಕ್ಕರಗಾಲಲ್ಲಿ ಕೂತು,
ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದೆ.
ಕೆಂಪಿತ್ತು.