ಲೆಕ್ಕಪತ್ರ ಸಮಿತಿ

ನಮ್ಮ ನಾಯಕರು ಕೊಟ್ಟ ಚೀಟಿಯಲ್ಲಿ
ನನ್ನ ಹೆಸರಿನ ಮುಂದೆ ‘ಆರೋಗ್ಯ’ ಎಂದಿತ್ತು.
ಕ್ಯಾತಮಾರನಹಳ್ಳಿಯ ಮೋರಿ ನನಗೆ ಗೊತ್ತು,
ವಾಸನೆಯಲ್ಲೇ ವಾರ ಹೇಳಬಲ್ಲೆ.

ಮೇಯರ್ ಕೋಣೆಯಿಂದ ಪಟ್ಟಿ ಹೊರಬಂದಾಗ
ಆರೋಗ್ಯ ಅವರದು, ನಗರ ಯೋಜನೆ ಅವರದು,
ತೆರಿಗೆಯಂತೂ ಬಿಡಿ.
‘ಜವರಮ್ಮನ್ನ ಲೆಕ್ಕಪತ್ರಕ್ಕೆ ಹಾಕ್ರಪ್ಪ,
ಏಳು ಜನಕ್ಕೆ ಇಬ್ಬರು ವಿರೋಧ, ಸಾಕು.’
ಯಾರೋ ನಕ್ಕರು. ಕೈ ಎತ್ತಿದರು. ಆಯಿತು.

ಪಂಕ್ತಿಯ ಕೊನೆಯ ಎಲೆಗೆ
ಸಾರು ಆರಿ ಬರುತ್ತದೆ, ತಳದ್ದು;
ಬೇಳೆ ಇರುವುದೂ ತಳದಲ್ಲೇ.

ಈಗ ದಿನಾ ಸಂಜೆ ನಡೆಯುತ್ತೇನೆ,
ಸೆರಗಿನೊಳಗೆ ಬಿಲ್ಲಿನ ಜೆರಾಕ್ಸ್.
ಹನ್ನೊಂದು ದೀಪಕ್ಕೆ ಹಣ ಸಂದಾಯ.
ಎಣಿಸಿದೆ, ಎಂಟು ಕಂಬ.
ತಿರುಗಿ ಬಂದು ಮತ್ತೆ ಎಣಿಸಿದೆ,
ಎಂಟೇ.
ಒಂದರ ಬುಡದಲ್ಲಿ ನಾಯಿ ಮಲಗಿತ್ತು.