ಭಟ್ಟಿಗೆ ಉಸುಕು

ಪುಸ್ತಕದಲ್ಲಿ ಅದಕ್ಕೆ ಮರಳು ಅಂತಾರೆ.
ಚೀಕಲಪರ್ವಿಯ ಹೊಳೆಯಲ್ಲಿ ಉಸುಕು.
ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ,
ಅರ್ಧ ಮಾತು, ಅರ್ಧ ಗಾಳಿ.

ಕಾರಹುಣ್ಣಿಮೆ ಮುಗಿದು ಎಂಟು ದಿನ.
ಡ್ಯಾಮಿನಿಂದ ನೀರು ಇನ್ನೂ ಬಿಟ್ಟಿರಲಿಲ್ಲ.
ಹೊಳೆಯ ಬರಿಮೈ ಮೇಲೆ ಪಡುವಣ ಗಾಳಿ
ಬೆಳಗಿಂದ ಬೈಗಿನತನಕ ನಡೆದೇ ನಡೆಯಿತು.
ನಡುವೆ ಅಂಬಿಗರ ಯಂಕೋಬನ ಒಡಕು ಹರಿಗೋಲು
ಬೋರಲು ಬಿದ್ದಿತ್ತು.
ಅದನ್ನು ಎಡವಿದ ಗಾಳಿ
ಹೊತ್ತದ್ದನ್ನೆಲ್ಲ ಅದರ ಮರೆಗೆ ಇಳಿಸಿ ಹೋಯಿತು.
ಮೊದಲ ದಿನ ಒಂದು ಮೊರದಷ್ಟು.
ಆಮೇಲೆ ಆ ಗುಡ್ಡೆಯನ್ನೇ ಎಡವತೊಡಗಿತು.
ವಾರದೊಳಗೆ ಹರಿಗೋಲು ಕಾಣಲಿಲ್ಲ.

ಮಾಬಮ್ಮ ಕಾಯುತ್ತಿದ್ದದ್ದೇ ಅದಕ್ಕೆ.
ಮಾನ್ವಿ ಸಂತೆಗೆ ಮಂಡಾಳು ಹುರಿಯುವ ಭಟ್ಟಿ ಅವಳದು,
ವರ್ಷಕ್ಕೆ ಮೂರು ಚೀಲ ಉಸುಕು.
ಹೊರುವವನು ನಾನು.

"ಕೂಡು," ಅಂದಳು. "ಮೊದಲು ನೋಡು."

ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ.
ನಡುಗಾತ್ರದ ಕಾಳು ಗೇಣೆತ್ತರ ಜಿಗಿಯುತ್ತದೆ,
ಬೀಳುತ್ತ ಇನ್ನೊಂದನ್ನು ಎಬ್ಬಿಸುತ್ತದೆ.
ದಪ್ಪ ಕಾಳಿಗೆ ಜಿಗಿತವಿಲ್ಲ,
ಬೆನ್ನಿಗೆ ಗುದ್ದು ತಿಂದು
ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯುತ್ತದೆ.
ಹಿಟ್ಟಿನಂಥದ್ದು ಹೊಳೆಯಲ್ಲಿ ನಿಲ್ಲುವುದೇ ಇಲ್ಲ,
ಊರು ಹೊಕ್ಕು, ಯಾರದೋ ಹಾಲಿನ ಕೆನೆಯ ಮೇಲೆ ಕೂಡುತ್ತದೆ.

ಇತ್ತ ಏರು, ಅತ್ತ ಜಾರು.
ನೆತ್ತಿ ತುಂಬಿ ಭಾರವಾದಾಗ
ಸುಸ್ಸೆಂದು ಒಂದು ಪದರ ಕಳಚಿತು.
ದಪ್ಪನೆಯವು ಎಲ್ಲರ ಮೈಮೇಲೆ ಹಾದು
ಉರುಳುರುಳಿ ಬುಡ ಸೇರಿದವು.
ಸಣ್ಣವು ಸಂದು ಸಿಕ್ಕಲ್ಲಿ ಸಿಕ್ಕಿಕೊಂಡು
ಮೇಲೆಯೇ ಉಳಿದವು.

"ನೆತ್ತೀದು ಬ್ಯಾಡ, ಮಂಡಾಳಿಗೆ ಅಂಟ್ತೈತಿ, ಹಲ್ಲಿಗೆ ಬರ್ತೈತಿ.
ಬುಡದ್ದು ಬ್ಯಾಡ, ಅಕ್ಕಿ ಕಪ್ಪಾಗ್ತೈತಿ.
ಸೊಂಟದಾಗ ತೋಡು."
ತನ್ನ ಸೊಂಟ ಮುಟ್ಟಿ ತೋರಿಸಿದಳು.

ಮರುವರ್ಷ ಅವಳಿಗೆ ಚಳಿಜ್ವರ. ನಾನೊಬ್ಬನೇ ಹೋದೆ.
ಬಿಸಿಲು. ಏರುವುದು ಯಾಕೆಂದು
ಬುಡದಲ್ಲೇ ಬಗ್ಗಿ ತುಂಬಿದೆ, ಮೂರೂ ಚೀಲ.
ಬಾಣಲೆ ಕಾಯಿತು. ಕಂಬಳಿ ಹೊದ್ದೇ ಬಂದು ಅಕ್ಕಿ ಸುರಿದಳು.
ಅರ್ಧ ಅರಳಿತು,
ಅರ್ಧ ಸೀದು ಕೂತಿತು.
ಬೈಯಲಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ
"ಗಾಳಿ ಎಂಟು ದಿನ ಕೇರಿ ಇಟ್ಟಿತ್ತಲ್ಲೋ," ಅಂದಳು.
ಅಷ್ಟೇ.

ಮೊನ್ನೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ
ಒಗ್ಗರಣಿ ತಿನ್ನುವಾಗ ಹಲ್ಲಿಗೆ ಕರಕ್ಕೆಂದಿತು.
ಉಗುಳಲಿಲ್ಲ, ನಾಲಗೆಯ ಮೇಲೆ ಹೊರಳಿಸಿ ನೋಡಿದೆ.
ಸಣ್ಣದು. ನೆತ್ತಿಯದು.
ಯಾರೋ ಬಗ್ಗಲು ಬೇಸರಪಟ್ಟು
ನಿಂತಲ್ಲೇ ತೋಡಿದ್ದಾರೆ.